ಸರಟೋಗಾದ ಸರೋಜಮ್ಮನೂ ನಮ್ಮ ಸೋಲುವ ಕ್ಲಬ್ಬೂ

ಕಳೆದ ಶುಕ್ರವಾರ ಸಂಜೆ ಸರಟೋಗಾದ ಒಂದು ಮನೆಯ ಎದುರು ಕಾರು ನಿಲ್ಲಿಸಿಕೊಂಡು, ಅದೇ ಮನೆಯೊಳಗೆ ಕೂತಿದ್ದ ಹೆಂಗಸಿನ ಜೊತೆ ಒಂದು ಗಂಟೆಗೂ ಮೀರಿ ಫೋನಿನಲ್ಲಿ ಮಾತಾಡಿದೆ. ನಾನು ಹೊರಗೇ ಇದ್ದೇನೆ ಅಂತ ಮಾತ್ರ ಹೇಳಲಿಲ್ಲ.

ನಾನು ಕಳ್ಳಿಯಲ್ಲ. ಪತ್ತೇದಾರಿಯೂ ಅಲ್ಲ. ಮೈಸೂರಿನವಳು, ಅಷ್ಟೇ.

ನಗಬೇಡಿ. ನೀವೂ ಆ ಕಡೆಯಿಂದಲೇ ಬಂದವರು, ನೀವೂ ಇದನ್ನೇ ಮಾಡುತ್ತಿದ್ದಿರಿ. ಮೊದಲಿನಿಂದ ಹೇಳುತ್ತೇನೆ, ಆಮೇಲೆ ಬೇಕಾದರೆ ಬಯ್ಯಿರಿ.

ಈ ಅಂಕಣ ಓದುವವರಿಗೆ ನನ್ನ ಹುಚ್ಚು ಹೊಸದಲ್ಲ. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುವ, ಐವತ್ತು ದಾಟಿದ, ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದ, ಹಗಲೆಲ್ಲ ಕಂಪ್ಯೂಟರ್ ಚಿಪ್ಪುಗಳನ್ನು ಟೆಸ್ಟ್ ಮಾಡಿ ಹೊಟ್ಟೆ ಹೊರೆಯುವ ಈ ಹೆಂಗಸಿಗೆ ಇರುವುದು ಒಂದೇ ಚಟ. ಆಸ್ಟ್ರೇಲಿಯಾದ ಫುಟ್‌ಬಾಲು. ಇಲ್ಲಿಗೆ ಬರುವ ಮುಂಚೆ ಹತ್ತು ವರ್ಷ ಮೆಲ್ಬರ್ನಿನಲ್ಲಿದ್ದೆ. ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಸಹೋದ್ಯೋಗಿಗಳು ಕೊರಳಿಗೊಂದು ಸ್ಕಾರ್ಫು ಸುತ್ತಿ ಮೈದಾನಕ್ಕೆ ಎಳೆದುಕೊಂಡು ಹೋದರು. ಅವತ್ತು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ಟಿನ ಮೈದಾನ, ಒಂದೊಂದು ಕಡೆ ಹದಿನೆಂಟು ಜನ, ನಾಲ್ಕು ಕ್ವಾರ್ಟರು. ನಡುವಿನ ಎರಡು ಕಂಬಗಳ ಒಳಗೆ ಒದ್ದರೆ ಆರು ಪಾಯಿಂಟು. ಗುರಿ ಸ್ವಲ್ಪ ತಪ್ಪಿ ಪಕ್ಕದಲ್ಲಿ ಹೋದರೆ? ಅದಕ್ಕೂ ಒಂದು ಪಾಯಿಂಟು! ತಪ್ಪಿದವರಿಗೂ 'ಹೋಗಲಿ, ಇದನ್ನಿಟ್ಟುಕೋ' ಅನ್ನುವ ಆಟ ಇನ್ನೆಲ್ಲಿದೆ ಹೇಳಿ? ನಾನು ಮರುಳಾದದ್ದು ಅದಕ್ಕೇ.

ಕ್ಲಬ್ಬಿನ ಹೆಸರು ಹೇಳುವುದಿಲ್ಲ. (ಹೇಳಿದರೆ ಕಾಲೆಳೆಯುವವರು ಮೆಲ್ಬರ್ನಿನಿಂದ ಪರ್ತ್‌ವರೆಗೂ ಇದ್ದಾರೆ.) ಗುಣ ಮಾತ್ರ ಹೇಳುತ್ತೇನೆ. ಈ ವಾರ ಎಲ್ಲರಿಗಿಂತ ಮೇಲಿರುವ ತಂಡಕ್ಕೆ ಮಣ್ಣು ಮುಕ್ಕಿಸುತ್ತದೆ. ಮುಂದಿನ ವಾರ ಎಲ್ಲರಿಗಿಂತ ಕೆಳಗಿರುವವರ ಕೈಯಲ್ಲಿ ತಾನೇ ಮಣ್ಣು ಮುಕ್ಕುತ್ತದೆ. ಮೊದಲ ಕ್ವಾರ್ಟರಿನಲ್ಲಿ ಹುಲಿ, ಮೂರನೆಯದರಲ್ಲಿ ಇಲಿ. ಯಾಕೆ ಹೀಗೆ? ಕೋಚು ಸರಿಯಿಲ್ಲವೋ, ಹುಡುಗರು ಸರಿಯಿಲ್ಲವೋ, ಹುಡುಗರನ್ನು ಆರಿಸಿ ತರುವವರ ಕಣ್ಣೇ ಸರಿಯಿಲ್ಲವೋ? ಅಭಿಮಾನಿಗಳ ಬಾಯಲ್ಲಿ ವರ್ಷಪೂರ್ತಿ ಇದೇ ಪಂಚಾಯ್ತಿ.

ಮೆಲ್ಬರ್ನಿನ ಹಳೆಯ ಗೆಳೆಯರ ಒಂದು ವಾಟ್ಸಾಪ್ ಗುಂಪಿದೆ. ನಾನೂ ಅದರಲ್ಲಿದ್ದೇನೆ. ಇದ್ದೇನೆ ಅನ್ನಬೇಕು, ಅಷ್ಟೇ. ಅವರು ಜಗಳಾಡುವ ಹೊತ್ತಿಗೆ ನಾನು ಮಲಗಿರುತ್ತೇನೆ. ಎದ್ದು ನೋಡಿದರೆ ನೂರಾರು ಮೆಸೇಜು ಬಂದು, ಜಗಳ ಮುಗಿದು, ರಾಜಿಯೂ ಆಗಿರುತ್ತದೆ. ನಾನು ಯೋಚಿಸಿ ಒಂದು ಒಳ್ಳೆಯ ಪಾಯಿಂಟು ಹಾಕಿದರೆ ಯಾರೋ ಒಬ್ಬರು ಹೆಬ್ಬೆಟ್ಟು ಒತ್ತುತ್ತಾರೆ. ಎಲ್ಲರೂ ಉಂಡು ಎದ್ದು ಹೋದಮೇಲೆ ಪಂಕ್ತಿಗೆ ಬಂದು ಕೂತಂತೆ.

ಇನ್ನು ಇಲ್ಲಿನ ಆಫೀಸು. "ಎನಿ ಪ್ಲಾನ್ಸ್ ಫಾರ್ ದ ವೀಕೆಂಡ್?" ಅಂತ ಶುಕ್ರವಾರ ತಪ್ಪದೆ ಕೇಳುತ್ತಾರೆ. "ಗೇಮ್ ಇದೆ" ಅಂದರೆ ಕಣ್ಣರಳಿಸುತ್ತಾರೆ. ಯಾವ ಗೇಮು ಅಂತ ಹೇಳಿದರೆ "ಓ, ರಗ್ಬಿ!" ಅನ್ನುತ್ತಾರೆ. ಅಲ್ಲಪ್ಪಾ, ರಗ್ಬಿಯಲ್ಲ. ವಿವರಿಸುವಷ್ಟರಲ್ಲಿ ಅವರ ಮೀಟಿಂಗು ಶುರುವಾಗಿರುತ್ತದೆ.

ಅಲ್ಲಿನ ಶನಿವಾರ ಮಧ್ಯಾಹ್ನ ನಮಗೆ ಶುಕ್ರವಾರ ಸಂಜೆ. ಬೇರೆಯವರು ಪಾಟ್‌ಲಕ್ಕಿಗೆ ಪಾತ್ರೆ ಹೊತ್ತುಕೊಂಡು ಹೋಗುವ ಹೊತ್ತಿಗೆ ನಾನು ಟಿವಿ ಮುಂದೆ ಸ್ಕಾರ್ಫು ಸುತ್ತಿಕೊಂಡು ಕೂರುತ್ತೇನೆ. ಒಂದು ಮಾತು ಹೇಳಲೇ? ಸೋತಾಗ ಒಬ್ಬಳೇ ಇರುವುದು ಕಷ್ಟವಲ್ಲ. ಟಿವಿ ಆರಿಸಿ ಪಾತ್ರೆ ತೊಳೆದರೆ ಆಯಿತು. ಗೆದ್ದಾಗ ಕಷ್ಟ. ಕಿರುಚಿಕೊಂಡು ಸೋಫಾದಿಂದ ಎದ್ದು ನಿಂತಮೇಲೆ ಯಾರ ಕೈ ಹಿಡಿಯುವುದು? ಹಾಗೇ ಒಂದು ನಿಮಿಷ ನಿಂತು ಮತ್ತೆ ಕೂತುಬಿಡುತ್ತೇನೆ.

ಇಂಥ ಬಾಳಿಗೆ ಸರೋಜಮ್ಮ ಬಂದದ್ದು ಕೊತ್ತಂಬರಿ ಸೊಪ್ಪಿನ ರಾಶಿಯ ಹತ್ತಿರ.

ಮೂರು ವರ್ಷದ ಹಿಂದಿನ ಮಾತು. ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದೆ. ಕೊರಳಲ್ಲಿ ಕ್ಲಬ್ಬಿನ ಸ್ಕಾರ್ಫು. ಪಕ್ಕದಲ್ಲಿ ಬಿಳಿ ಕೂದಲು, ಕಾಟನ್ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು ತೊಟ್ಟ ಅಮ್ಮ ಒಬ್ಬರು ನನ್ನ ಕೊರಳನ್ನೇ ನೋಡುತ್ತಿದ್ದರು. ನೋಡಿ ನೋಡಿ, ಪೀಠಿಕೆಯೇ ಇಲ್ಲದೆ ಕೇಳಿದರು.

"ಅಲ್ಲಾ ಇವ್ರೇ, ಮಂಡಿ ಹೋಗಿರೋ ಆ ಆನೇನ ಅಷ್ಟು ವರ್ಷಕ್ಕೆ ಕಾಂಟ್ರಾಕ್ಟ್ ಮಾಡ್ಕೊಂಡ್ರಲ್ಲ, ತಲೆ ನೆಟ್ಟಗಿದೆಯೇನ್ರೀ ನಮ್ಮೋರಿಗೆ?"

ನನ್ನ ಕೈಲಿದ್ದ ಕೊತ್ತಂಬರಿ ಬಿದ್ದೇ ಹೋಯಿತು. ನಮ್ಮೋರು! ಕನ್ನಡದಲ್ಲಿ! ಆ ವರ್ಷ ನಮ್ಮ ಕ್ಲಬ್ಬು ಬೇರೆ ಕ್ಲಬ್ಬಿನಿಂದ ಒಬ್ಬ ದೈತ್ಯ ಆಟಗಾರನನ್ನು ತಂದಿತ್ತು. ಎದುರು ಪಾಳಯದ ಗೋಲಿನ ಮುಂದೆ ನಿಂತು ಗೋಲು ಹೊಡೆಯುವುದು ಅವನ ಕೆಲಸ. ಒಂದು ವಾರ ಆಡಿ ಎರಡು ವಾರ ಮಂಡಿಗೆ ಐಸು ಇಟ್ಟುಕೊಂಡು ಕೂರುತ್ತಿದ್ದ. ನನಗೆ ಮಾತ್ರ ಅವನ ಮೇಲೆ ನಂಬಿಕೆ. ಅಲ್ಲೇ ವಾದಕ್ಕೆ ನಿಂತೆ. ಬೆಂಡೆಕಾಯಿಗೆ ಕೈಹಾಕಲು ಬಂದವರೆಲ್ಲ ನಮ್ಮನ್ನು ಸುತ್ತು ಹಾಕಿಕೊಂಡು ಹೋದರು.

ಡಾಕ್ಟರ್ ಸರೋಜಮ್ಮ ಹಾಸನದವರು. ಆಸ್ಟ್ರೇಲಿಯಾದ ಸಣ್ಣ ಊರೊಂದರಲ್ಲಿ ಇಡೀ ವೃತ್ತಿಯನ್ನು ಹೆರಿಗೆ ಮಾಡಿಸುತ್ತ ಕಳೆದವರು. ಆ ಊರಿಗೆ ಊರೇ ನಮ್ಮ ಕ್ಲಬ್ಬಿಗೆ ಒಕ್ಕಲು. ಹೆರಿಗೆ ನೋವಿನಲ್ಲಿರುವವರೂ "ಸ್ಕೋರ್ ಎಷ್ಟು ಡಾಕ್?" ಅಂತ ಕೇಳುತ್ತಿದ್ದರಂತೆ. ರಿಟೈರಾಗಿ, ಯಜಮಾನರು ತೀರಿಕೊಂಡ ಮೇಲೆ, ಸರಟೋಗಾದಲ್ಲಿರುವ ಮಗನ ಮನೆಗೆ ಬಂದರು. ಮಗ ಸೊಸೆಗೆ ಈ ಆಟದ ಗಂಧವೂ ಇಲ್ಲ.

ಅವತ್ತಿನಿಂದ ಪ್ರತಿ ಮ್ಯಾಚಾದ ಮೇಲೂ ನಮ್ಮಿಬ್ಬರ ಫೋನು. ಮ್ಯಾಚಿನ ನಡುವೆ ಮಾತ್ರ ಮಾಡುವಂತಿಲ್ಲ. ಅವರ ಟಿವಿಯಲ್ಲಿ ಆಟ ನನ್ನದಕ್ಕಿಂತ ಅರ್ಧ ನಿಮಿಷ ಮುಂದೆ ಬರುತ್ತದೆ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅವರು "ಹೋಯ್ತು ಬಿಡಿ" ಅಂದುಬಿಟ್ಟರೆ ಹೊಟ್ಟೆ ಉರಿಯುವುದಿಲ್ಲವೇ?

ಜಗಳ ಯಾವಾಗಲೂ ಒಂದೇ. ಆಟಗಾರರನ್ನು ಎಲ್ಲಿಂದ ತರಬೇಕು? ಪಳಗಿದ ಆಟಗಾರರನ್ನು ಬೇರೆ ಕ್ಲಬ್ಬಿನಿಂದ ತರಬೇಕು ಅಂತ ನನ್ನ ಪಕ್ಷ. ಡ್ರಾಫ್ಟಿನಲ್ಲಿ ಎಳೆಯ ಹುಡುಗರನ್ನು ಆರಿಸಿ ಬೆಳೆಸಬೇಕು ಅಂತ ಅವರ ಪಕ್ಷ. (ಡ್ರಾಫ್ಟ್ ಅಂದರೆ, ಶಾಲೆ ಮುಗಿಸಿದ ಹುಡುಗರನ್ನು ಕ್ಲಬ್ಬುಗಳು ಸರದಿಯ ಮೇಲೆ ಆರಿಸಿಕೊಳ್ಳುವುದು. ಕರೆದ ಊರಿಗೆ ಹುಡುಗ ಗಂಟುಮೂಟೆ ಕಟ್ಟಬೇಕು.) ಹಾಗೆ ಬಂದ ಕೆಂಪು ಕೂದಲಿನ ಹುಡುಗನೊಬ್ಬನಿದ್ದಾನೆ. ಸರೋಜಮ್ಮ ಅವನಿಗಿಟ್ಟ ಹೆಸರು ಕೆಂಚ.

"ನೋಡಿದ್ರಾ ನಮ್ ಕೆಂಚನ್ನ? ಮೂರು ಜನದ ಮಧ್ಯೆ ಹೆಂಗೆ ನುಗ್ಗಿ ಬಂದ!"

"ಬಂದ. ಆಮೇಲೆ ಎದುರು ಪಾರ್ಟಿ ಕೈಗೇ ಚೆಂಡು ಕೊಟ್ಟ, ಅದನ್ನ ನೋಡಿದ್ರಾ?"

"ಮಗು ಕಣ್ರೀ ಅದು. ಕಾಯ್ಬೇಕು. ಹೆರಿಗೆ ಮಾಡಿಸ್ದೋಳು ನಾನು. ಒಂಬತ್ತು ತಿಂಗಳು ಅಂದ್ರೆ ಒಂಬತ್ತು ತಿಂಗಳು."

"ಡಾಕ್ಟ್ರೇ, ಇವ್ರು ಕಾಯಿಸ್ತಿರೋದು ಒಂಬತ್ತು ವರ್ಷದಿಂದ!"

"ನಿಮ್ ಆನೆ ಏನ್ ಕಡಿದು ಕಟ್ಟೆ ಹಾಕ್ತು ಹೇಳಿ ನೋಡಣ."

ಹೀಗೇ ಒಂದು ಗಂಟೆ. ಫೋನಿಟ್ಟಾಗ ಗಂಟಲು ನೋಯುತ್ತಿರುತ್ತಿತ್ತು. ವಾರದಲ್ಲಿ ನನ್ನ ಗಂಟಲು ನೋಯುತ್ತಿದ್ದದ್ದು ಅವತ್ತೊಂದೇ ದಿನ. ಮಿಕ್ಕ ದಿನ ನಾನು ಮಾತಾಡುವುದು ಮೀಟಿಂಗಿನಲ್ಲಿ ಮತ್ತು ಅಂಗಡಿಯ ಕೌಂಟರಿನಲ್ಲಿ. ಅದರಲ್ಲಿ ಕನ್ನಡ ಎಷ್ಟು ಅಂತ ಕೇಳಬೇಡಿ.

ಕ್ಲಬ್ಬುಗಳಿಗಾದರೂ ರಿಕ್ರೂಟಿಂಗ್ ಮಾಡಲು ಜನರಿದ್ದಾರೆ. ನಮಗೆ? ಇಲ್ಲಿಗೆ ಬಂದಾಗ ನನಗೂ ನಾಲ್ಕಾರು ಗೆಳತಿಯರಿದ್ದರು. ಒಬ್ಬಳು ಆಸ್ಟಿನ್ನಿಗೆ ಹೋದಳು, ಇನ್ನೊಬ್ಬಳು ಸಿಯಾಟಲ್ಲಿಗೆ, ಮತ್ತೊಬ್ಬಳು ವಾಪಸ್ಸು ಬೆಂಗಳೂರಿಗೆ. ಉಳಿದವಳು ವಾಲ್ನಟ್ ಕ್ರೀಕಿಗೆ ಹೋದಳು. (ಅದು ದೂರವೇನಲ್ಲ, ಆದರೂ ಅವಳೂ ಬರುವುದಿಲ್ಲ, ನಾನೂ ಹೋಗುವುದಿಲ್ಲ.) ಹೋದವರ ಜಾಗಕ್ಕೆ ಯಾರೂ ಬರಲಿಲ್ಲ. ಮಕ್ಕಳಿದ್ದವರಿಗೆ ಡೇಕೇರಿನಲ್ಲಿ, ಕನ್ನಡ ಕ್ಲಾಸಿನಲ್ಲಿ, ಈಜುಕೊಳದ ದಂಡೆಯಲ್ಲಿ ಹೊಸ ಸ್ನೇಹಿತರು ಸಿಗುತ್ತಾರೆ. ಒಂಟಿ ಹೆಂಗಸು ಎಲ್ಲಿ ಹೋಗಿ ನಿಲ್ಲಬೇಕು? ಐವತ್ತು ದಾಟಿದವಳನ್ನು ಯಾವ ಗುಂಪು ಡ್ರಾಫ್ಟ್ ಮಾಡುತ್ತದೆ?

ಹಾಗಾಗಿ ನನ್ನ ತಂಡದಲ್ಲಿ ಇದ್ದದ್ದು ಸರೋಜಮ್ಮ ಒಬ್ಬರೇ. ಹಾಗಿದ್ದರೆ ಒಟ್ಟಿಗೆ ಕೂತು ಮ್ಯಾಚು ನೋಡಬಾರದಿತ್ತೇ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮಿಲ್ಪಿಟಾಸಿನಿಂದ 237ನೇ ಫ್ರೀವೇ ಹತ್ತಿ 85 ಹಿಡಿದರೆ ಸರಟೋಗಾ ಅರ್ಧ ಗಂಟೆ. ಪ್ರತಿ ಫೋನಿನ ಕೊನೆಗೂ ಈ ಮಾತು ಬರುತ್ತಿತ್ತು.

"ಒಂದ್ಸಲ ಬನ್ರೀ ಮನೆಗೆ. ಒಟ್ಟಿಗೆ ನೋಡಣ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ ಡಾಕ್ಟ್ರೇ. ನೀವೇ ಬನ್ನಿ ಇಲ್ಲಿಗೆ."

"ನಿಮಗ್ಯಾಕೆ ತೊಂದ್ರೆ. ಆಫೀಸು ಮುಗಿಸಿ ಸುಸ್ತಾಗಿರ್ತೀರ."

ಮುಗಿಯಿತು. ಮೂರು ಸೀಸನ್ನು ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡದೆ ಇದ್ದೆವು. ದಾಕ್ಷಿಣ್ಯ! ಪಾಸ್‌ಪೋರ್ಟು ಬದಲಾಯಿಸಿದವರೂ ಬಿಡದ ವಸ್ತು ಇದು. ಬಾ ಅಂದರೆ ಬಾಯಿ ಮಾತಿಗೆ ಅಂದರೇನೋ ಅಂತ ನಾವು. ಬರುತ್ತೇನೆ ಅಂದರೆ ಬಲವಂತಕ್ಕೆ ಅಂದರೇನೋ ಅಂತ ಅವರು. ಅವರ ಕಡೆಯ ಡಾಕ್ಟರಿಕೆಯಾಗಲಿ ನನ್ನ ಇಂಜಿನಿಯರಿಂಗಾಗಲಿ ಈ ಕಾಯಿಲೆಗೆ ಉಪಯೋಗಕ್ಕೆ ಬರಲಿಲ್ಲ.

ಈಗ ಕಳೆದ ಶುಕ್ರವಾರಕ್ಕೆ ಬರುತ್ತೇನೆ. ಏಳೂವರೆಗೆ ಮ್ಯಾಚು. ಚಿತ್ರಾನ್ನ ಕಲಸಿಟ್ಟುಕೊಂಡು ಕೂತಿದ್ದೆ. ಆಟ ಶುರುವಾಗುವ ಹೊತ್ತಿಗೆ ನಮ್ಮ ಕಾಂಪ್ಲೆಕ್ಸಿನ ಕರೆಂಟು ಹೋಯಿತು. ಇಡೀ ಬೀದಿಗೇ ಕರೆಂಟಿಲ್ಲ. ಯಾವಾಗ ಬರುತ್ತೋ ಗೊತ್ತಿಲ್ಲ ಅಂತ ಫೋನಿಗೆ ಮೆಸೇಜು ಬಂತು.

ಫೋನಿನಲ್ಲೇ ನೋಡಬಹುದಿತ್ತಲ್ಲ ಅಂತೀರಾ? ನೋಡಬಹುದಿತ್ತು. ಸುಳ್ಳು ಹೇಳುವುದಿಲ್ಲ. ಆದರೆ ಕತ್ತಲಾಗುತ್ತಿದ್ದ ಮನೆಯಲ್ಲಿ ಅಂಗೈಯಗಲದ ಪರದೆ ಹಿಡಿದುಕೊಂಡು ಒಬ್ಬಳೇ ಕೂರುವುದನ್ನು ನೆನೆಸಿಕೊಂಡೇ ಸಂಕಟವಾಯಿತು. ಜೊತೆಗೆ ಒಂದು ಆಸೆಯೂ ಹುಟ್ಟಿತು. ಮೂರು ವರ್ಷದಲ್ಲಿ ಮೊದಲ ಸಲ ನನಗೊಂದು ನೆಪ ಸಿಕ್ಕಿದೆ. ಕರೆಂಟಿಲ್ಲ, ಅದಕ್ಕೆ ಬಂದೆ. ಇದಕ್ಕಿಂತ ಮರ್ಯಾದಸ್ಥ ಕಾರಣ ಬೇಕೇ? ಚಿತ್ರಾನ್ನವನ್ನು ಡಬ್ಬಿಗೆ ತುಂಬಿ, ಅವರು ಎಂದೋ ಕಳಿಸಿದ್ದ ಅಡ್ರೆಸ್ಸು ಫೋನಿಗೆ ಹಾಕಿಕೊಂಡು ಕಾರು ಹತ್ತಿದೆ. ಫ್ರೀವೇಯಲ್ಲಿ ಹೋಗುವಾಗ ಮದುವೆ ಮನೆಗೆ ಹೊರಟವಳಂತೆ ಖುಷಿ.

ಮನೆಯ ಮುಂದೆ ನಿಲ್ಲಿಸುವವರೆಗೂ ಆ ಖುಷಿಯಿತ್ತು. ದೊಡ್ಡ ಮನೆ. ಮುಂದಿನ ಕೋಣೆಯ ಪರದೆ ಎಳೆದಿರಲಿಲ್ಲ. ಟಿವಿ ಬೆಳಕು ಗೋಡೆಯ ಮೇಲೆ ಹಸಿರಾಗಿ ಆಡುತ್ತಿತ್ತು. ಸೋಫಾದ ಮೇಲೆ ಒಂದು ಬಿಳಿ ತಲೆ. ಸರೋಜಮ್ಮ ಒಬ್ಬರೇ ಕೂತಿದ್ದರು.

ಕಾರಿನ ಬಾಗಿಲಿಗೆ ಕೈ ಹಾಕಿದೆ. ಆಗ ತಲೆಯೊಳಗೆ ಶುರುವಾಯಿತು. ಫೋನ್ ಮಾಡದೆ ಬರೋದಾ? ಮಗ ಸೊಸೆ ಏನಂದುಕೊಂಡಾರು? ಅವರು ನೈಟಿಯಲ್ಲಿದ್ದರೆ ಮುಜುಗರವಲ್ಲವೇ? ಚಿತ್ರಾನ್ನದ ಡಬ್ಬಿ ಬೇರೆ! ಈ ಊರಿನಲ್ಲಿ ಕಾಫಿ ಕುಡಿಯುವುದಕ್ಕೂ ಎರಡು ವಾರ ಮುಂಚೆ ಕ್ಯಾಲೆಂಡರಿನಲ್ಲಿ ಜಾಗ ಕೇಳುತ್ತಾರೆ. ಸರಿ, ಒಂದು ಮಾತು ಹೇಳಿಯೇ ಹೋಗೋಣ ಅಂತ ಫೋನು ಮಾಡಿದೆ.

"ಇದೇನ್ರೀ ಮ್ಯಾಚ್ ಮಧ್ಯ? ರೂಲ್ಸ್ ಮರ್ತು ಹೋಯ್ತಾ?"

"ಕರೆಂಟ್ ಹೋಗಿದೆ ಡಾಕ್ಟ್ರೇ. ಅದಕ್ಕೇ..." ಅಂದೆ. ಬಂದಿದ್ದೀನಿ ಅನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ. "ಅದಕ್ಕೇ ಸ್ಕೋರ್ ಕೇಳೋಣ ಅಂತ."

"ಅಯ್ಯೋ ಪಾಪ! ಬನ್ನಿ ಅಂತಿದ್ದೆ, ಅಷ್ಟು ದೂರದಿಂದ ನಿಮಗ್ಯಾಕೆ ತೊಂದ್ರೆ. ಇರಿ, ನಾನೇ ಹೇಳ್ತಾ ಹೋಗ್ತೀನಿ. ಮಗ ಸೊಸೆನೂ ಊರಲ್ಲಿಲ್ಲ. ಎಷ್ಟು ಬೇಕಾದ್ರೂ ಕೂಗಾಡ್ಬೋದು."

ಹಾಗೆ ಶುರುವಾಯಿತು ನೋಡಿ ಕಾಮೆಂಟರಿ. ಕನ್ನಡದಲ್ಲಿ, ಅದೂ ಹಾಸನದ ಕನ್ನಡದಲ್ಲಿ, ಆಸ್ಟ್ರೇಲಿಯಾದ ಫುಟ್‌ಬಾಲು! "ಹಿಡ್ದ, ಹಿಡ್ದ, ಬಿಟ್ಟ ಬೇವಾರ್ಸಿ... ನಮ್ ಕೆಂಚ ಬಂದ, ಬಂದ, ಒದ್ದಾ..." ನಾನು ಕಾರಿನಲ್ಲಿ ಕೂತು ಆ ಬಿಳಿ ತಲೆ ಎಗರುವುದನ್ನು ನೋಡುತ್ತಿದ್ದೆ. ಗೋಲಾದರೆ ಮೊದಲು ಕಿಟಕಿಯಲ್ಲಿ ಎರಡು ಕೈ ಮೇಲೆ ಹೋಗುತ್ತಿದ್ದವು, ಆಮೇಲೆ ಕಿವಿಯಲ್ಲಿ ಕೂಗು ಬರುತ್ತಿತ್ತು. ಹತ್ತು ಹೆಜ್ಜೆ ದೂರ ಇದ್ದಿರಬೇಕು. ಬೆಲ್ ಒತ್ತಲು ಹೊತ್ತು ಮೀರುತ್ತಿದೆ ಅಂತ ಗೊತ್ತಾಗುತ್ತಿತ್ತು. ಮೊದಲ ಐದು ನಿಮಿಷದಲ್ಲಿ ಹೋಗಿದ್ದರೆ ಸರ್‌ಪ್ರೈಸ್. ಅರ್ಧ ಗಂಟೆಯಾದ ಮೇಲೆ ಹೋದರೆ ಏನಂತ ಹೇಳುವುದು?

ಎರಡನೇ ಕ್ವಾರ್ಟರು ಮುಗಿದು ಹಾಫ್‌ಟೈಮ್ ಆಯಿತು. "ಇರಿ, ಪರದೆ ಎಳೆದು ಬರ್ತೀನಿ" ಅಂತ ಸರೋಜಮ್ಮ ಎದ್ದು ಕಿಟಕಿಯ ಹತ್ತಿರ ಬಂದರು. ನಾನು ತಟ್ಟನೆ ಸ್ಟೀರಿಂಗಿನ ಕೆಳಗೆ ಬಗ್ಗಿದೆ. ಐವತ್ತು ದಾಟಿದವಳು, ನನ್ನ ಸೊಂಟ ಕೇಳಬೇಡಿ. ಎದ್ದು ನೋಡಿದರೆ ಅವರು ಸೋಫಾಗೆ ವಾಪಸಾಗಿದ್ದರು. ಪರದೆ ಎಳೆದಿರಲಿಲ್ಲ. ಮರೆತರೇನೋ ಅಂದುಕೊಂಡೆ.

"ಸ್ವೆಟರ್ ಹಾಕ್ಕೊಂಡಿದೀರಾ?" ಅಂದರು.

"ಯಾಕೆ ಡಾಕ್ಟ್ರೇ?"

"ಸುಮ್ನೆ ಕೇಳ್ದೆ. ಕರೆಂಟಿಲ್ವಲ್ಲ. ಚಳಿ ಇರ್ಬೋದು ಅಲ್ಲಿ."

ಮೂರನೇ ಕ್ವಾರ್ಟರಿನಲ್ಲಿ ಮಾಮೂಲಿನಂತೆ ನಮ್ಮವರು ಇಲಿಯಾದರು. ನಾನು ಆನೆಯ ಪರ, ಅವರು ಕೆಂಚನ ಪರ, ಒಂದು ರೌಂಡು ಜಗಳವೂ ಆಯಿತು. ಆದರೆ ಅವರ ದನಿಯಲ್ಲಿ ಖಾರವಿರಲಿಲ್ಲ. ಬ್ರೇಕಿನಲ್ಲಿ ಟಿವಿಯ ಸದ್ದು ತಗ್ಗಿಸಿದರು.

"ಒಂದ್ ವಿಷ್ಯ ಹೇಳ್ಬೇಕಿತ್ತು ನಿಮ್ಗೆ. ಮೂರು ವಾರದಿಂದ ಹೇಳ್ಬೇಕು ಅನ್ಕೊಂಡು ಬಿಟ್ಟುಬಿಟ್ಟೆ. ಮಗನಿಗೆ ಡಾಲಸ್ಸಲ್ಲಿ ಕೆಲ್ಸ ಆಯ್ತು. ಅಲ್ಲಿ ಮನೆ ನೋಡೋಕೇ ಹೋಗಿದಾರೆ ಇಬ್ರೂ. ಈ ತಿಂಗ್ಳು ಕೊನೇಲಿ ಹೊರಡೋದು."

ಆಗ ನನ್ನ ಬಾಯಿಗೆ ಬಂದದ್ದು ಏನು ಗೊತ್ತೇ? "ಅಲ್ಲಿ ಮನೆಗಳು ದೊಡ್ಡ ದೊಡ್ಡದಾಗಿರುತ್ವಂತೆ."

"ಹೂಂ, ದೊಡ್ಡದಂತೆ. ನಾನು ಹುಡುಗರನ್ನ ಡ್ರಾಫ್ಟ್ ಮಾಡಿ ಡ್ರಾಫ್ಟ್ ಮಾಡಿ ಅಂತ ಇಷ್ಟು ದಿನ ನಿಮ್ ಹತ್ರ ಬಡ್ಕೊಂಡೆ. ಪಾಪ, ಎತ್ತಿ ಕಂಡಿಲ್ಲದ ಊರಿಗೆ ಹಾಕ್ತಾರಲ್ಲ, ಆ ಮಕ್ಳಿಗೆ ಹೆಂಗಾಗುತ್ತೋ ಅಂತ ಒಂದ್ ದಿನಾನೂ ಯೋಚ್ನೆ ಮಾಡ್ಲಿಲ್ಲ ನೋಡಿ." ಆಮೇಲೆ ಮೂರು ವರ್ಷದಲ್ಲಿ ಅವರು ಒಮ್ಮೆಯೂ ಆಡದ ಮಾತು ಆಡಿದರು. "ಬರ್ತೀರಾ? ಈಗ್ಲೇ? ನನಗೇನೂ ತೊಂದ್ರೆ ಇಲ್ಲ ಕಣಮ್ಮ. ಬಂದ್ಬಿಡಿ. ಲಾಸ್ಟ್ ಕ್ವಾರ್ಟರ್ ಒಟ್ಟಿಗೆ ನೋಡಣ."

"ಬಂದೆ" ಅಂದೆ.

ಇನ್ನೇನು, ಬಾಗಿಲು ತೆಗೆದು ಓಡಬೇಕಿತ್ತು. ನೀವಾಗಿದ್ದರೆ ಓಡುತ್ತಿದ್ದಿರಾ? ಮಿಲ್ಪಿಟಾಸಿನಿಂದ ಬರಬೇಕಾದವಳು ಅರ್ಧ ನಿಮಿಷದಲ್ಲಿ ಬೆಲ್ ಒತ್ತಿದರೆ, ಇಷ್ಟು ಹೊತ್ತು ಇವರ ಮನೆ ಮುಂದೆ ಹೊಂಚು ಹಾಕಿಕೊಂಡು ಕೂತಿದ್ದೆ ಅಂತ ಗೊತ್ತಾಗುವುದಿಲ್ಲವೇ? ಮಾನ ಹೋಗುವುದಿಲ್ಲವೇ? ಹಾಗಾಗಿ ಈ ಮಹಾ ಬುದ್ಧಿವಂತೆ ಏನು ಮಾಡಿದಳೆಂದರೆ, ಕಾರು ಸ್ಟಾರ್ಟ್ ಮಾಡಿ ಗುಡ್ಡದ ಕೆಳಗಿನ ರಸ್ತೆಗೆ ಹೋಗಿ, ಒಂದು ಮರದ ಕೆಳಗೆ ನಿಲ್ಲಿಸಿಕೊಂಡು, ಅರ್ಧ ಗಂಟೆ ಕಾದಳು. ಫ್ರೀವೇಯಲ್ಲಿ ಬರಲು ಅಷ್ಟು ಬೇಕಲ್ಲ! ಸ್ಕೋರು ನೋಡಲಿಲ್ಲ. ಡ್ಯಾಶ್‌ಬೋರ್ಡಿನ ಗಡಿಯಾರ ನೋಡುತ್ತ ಕೂತು, ತಿಂಗಳ ಕೊನೆಗೆ ಎಷ್ಟು ದಿನ ಉಳಿಯಿತು ಅಂತ ಲೆಕ್ಕ ಹಾಕಿದೆ. ಆಮೇಲೆ ಅಳು ಬಂತು. ಅತ್ತೆ. ನೋಡುವವರು ಯಾರೂ ಇರಲಿಲ್ಲ.

ಮೂಗು ಒರೆಸಿಕೊಂಡು, ದೂರದಿಂದ ಬಂದವಳ ಥರ ಹೆಡ್‌ಲೈಟು ಹಾಕಿಕೊಂಡು ಅದೇ ಮನೆಗೆ ಬಂದೆ. ಬೆಲ್ ಒತ್ತುವ ಮುಂಚೆಯೇ ಬಾಗಿಲು ತೆರೆಯಿತು. ಬಾಗಿಲಲ್ಲಿ ಸರೋಜಮ್ಮ. ಕಣ್ಣು ಕೆಂಪಗಿತ್ತು.

"ಬನ್ನಿ" ಅಂದರು. ಒಳಗೆ ಟಿವಿಯಲ್ಲಿ ಆಟಗಾರರು ನಿಂತಲ್ಲೇ ನಿಂತಿದ್ದರು. ಕೊನೆಯ ಕ್ವಾರ್ಟರು ಶುರುವಾಗುವ ಜಾಗದಲ್ಲಿ ಆಟವನ್ನು ನಿಲ್ಲಿಸಿಟ್ಟಿದ್ದರು. ಸೋಫಾದ ಮೇಲೆ ನನಗೆ ಜಾಗ ಮಾಡಿದರು. ಚಿತ್ರಾನ್ನದ ಡಬ್ಬಿ ಈಸಿಕೊಂಡು ಟೀಪಾಯಿಯ ಮೇಲಿಟ್ಟರು. ಆಮೇಲೆ ಕೇಳಿದರು.

"ಅಲ್ಲಾ, ಕಾರು ತಗೊಂಡು ಎಲ್ಲಿಗ್ರೀ ಹೋಗಿದ್ರಿ?"

"ಎಲ್ಲಿಗೆ ಅಂದ್ರೆ? ಮಿಲ್ಪಿಟಾಸಿಂದ ಈಗ ತಾನೇ..."

"ಸಾಕು ಸುಮ್ನಿರಿ. ಹಾಫ್‌ಟೈಮಲ್ಲಿ ಪರದೆ ಎಳಿಯೋಕೆ ಬಂದಾಗ್ಲೇ ನೋಡ್ದೆ. ನಮ್ ಕ್ಲಬ್ ಸ್ಟಿಕ್ಕರ್ ಇರೋ ಕಾರು ಈ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದಿದೆಯೇನ್ರೀ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನೋಡಿದ್ರಾ? ನೋಡಿ, ಮತ್ತೆ ಯಾಕೆ ಕರೀಲಿಲ್ಲ ಡಾಕ್ಟ್ರೇ?"

"ಕರೆದ್ರೆ ನಿಮಗೆ ನಾಚ್ಕೆ ಆಗುತ್ತೇನೋ ಅಂತ ಸುಮ್ನಿದ್ದೆ. ತಾವಾಗೇ ಬರ್ಲಿ ಅಂತ ಪರದೇನೂ ಎಳೀಲಿಲ್ಲ. ಕೊನೆಗೆ ನಾಚ್ಕೆ ಬಿಟ್ಟು ನಾನೇ ಬನ್ನಿ ಅಂದೆ. ಅಂದ ತಕ್ಷಣ ನೀವು ಕಾರ್ ಸ್ಟಾರ್ಟ್ ಮಾಡ್ಕೊಂಡು ಹೊರಟೇ ಹೋದ್ರಿ." ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಬನ್ನಿ ಅಂದಿದ್ದೇ ತಪ್ಪಾಯ್ತೇನೋ ಅಂತ ಅರ್ಧ ಗಂಟೆಯಿಂದ ಕಿಟಕಿ ಹತ್ರಾನೇ ನಿಂತಿದೀನಿ ಕಣಮ್ಮ."

ಅವರ ಕೈ ಹಿಡಿದುಕೊಂಡೆ. ಇಬ್ಬರು ಓದಿದ ಹೆಂಗಸರು, ಒಂದು ಗಾಜಿನ ಆಚೆ ಒಬ್ಬರು ಈಚೆ ಒಬ್ಬರು, ಒಬ್ಬರಿಗೊಬ್ಬರು ಬೇಕು ಅಂತ ಗೊತ್ತಿದ್ದೂ ಫೋನು ಹಿಡಿದುಕೊಂಡು ಕೂತಿದ್ದೆವಲ್ಲ! ಮೊದಲು ನಗು ಬಂತು. ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ನಾನೇ ಎದ್ದು ಹೋಗಿ ಅಡುಗೆಮನೆ ಹುಡುಕಿ ನೀರು ತಂದುಕೊಟ್ಟೆ.

ಆಮೇಲೆ ಆಟ ಬಿಟ್ಟರು. ಸೋತೆವು, ಬಿಡಿ. ಹೀನಾಯವಾಗಿ ಸೋತೆವು. ಆನೆ ಕುಂಟುತ್ತ ಹೊರಗೆ ಹೋಯಿತು. ಕೆಂಚ ಸುಲಭದ ಚೆಂಡು ಕೈಬಿಟ್ಟ. ಆದರೆ ನಡುವೆ ಒಂದೇ ಒಂದು ಗೋಲು ಬಂತು ನೋಡಿ, ಇಬ್ಬರೂ ಒಟ್ಟಿಗೆ ಕಿರುಚಿಕೊಂಡು ಎದ್ದೆವು. ಒಂದೇ ಕ್ಷಣಕ್ಕೆ! ಅರ್ಧ ನಿಮಿಷ ಹಿಂದೂ ಇಲ್ಲ, ಮುಂದೂ ಇಲ್ಲ. ಸರೋಜಮ್ಮ ನನ್ನ ಎರಡೂ ಕೈ ಹಿಡಿದು ಕುಣಿದರು. ಮೆಲ್ಬರ್ನ್ ಬಿಟ್ಟಮೇಲೆ ಗೋಲು ಬಿದ್ದಾಗ ಯಾರಾದರೂ ನನ್ನ ಕೈ ಹಿಡಿದದ್ದು ಅವತ್ತೇ.

ಚಿತ್ರಾನ್ನ ತಿನ್ನುತ್ತ ರಿಕ್ರೂಟಿಂಗ್ ಬಗ್ಗೆ ಎದುರುಬದುರು ಕೂತು ಜಗಳವಾಡಿದೆವು. ಫೋನಿನ ಜಗಳಕ್ಕಿಂತ ಇದು ಎಷ್ಟೋ ವಾಸಿ. ಅವರು ಬೆರಳು ಮಡಿಸಿ ಮಡಿಸಿ ಒಬ್ಬೊಬ್ಬ ಆಟಗಾರನ ತಪ್ಪು ಹೇಳುವುದನ್ನು ನಾನು ಇದುವರೆಗೆ ನೋಡಿಯೇ ಇರಲಿಲ್ಲ. ಹುಬ್ಬು ಎಷ್ಟು ಮೇಲೆ ಹೋಗುತ್ತದೆ ಅಂತಲೂ ಗೊತ್ತಿರಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದವರು ತಡೆದು ನಿಲ್ಲಿಸಿದರು.

"ನಾನ್ ಹೋದ್ಮೇಲೆ ನೀವು ಯಾರ್ ಜೊತೆ ಜಗಳ ಆಡ್ತೀರಿ?"

"ಫೋನ್ ಇದೆಯಲ್ಲ ಡಾಕ್ಟ್ರೇ."

"ಅಲ್ಲಿ ಎರಡು ಗಂಟೆ ಮುಂದೆ. ಮ್ಯಾಚ್ ಮುಗಿಯೋ ಹೊತ್ಗೆ ಮನೇಲಿ ಎಲ್ಲಾ ಮಲಗಿರ್ತಾರೆ. ಸೌಂಡ್ ಇಲ್ದೆ ನೋಡ್ಬೇಕು. ಕೂಗಾಡೋದಿರ್ಲಿ, ಕೆಮ್ಮೋಕೂ ಆಗಲ್ಲ ಕಣ್ರೀ."

ಖಾಲಿ ಡಬ್ಬಿ ಎತ್ತಿಕೊಂಡು ಕಾರು ಹತ್ತಿದೆ. ಮನೆಗೆ ಬಂದಾಗ ಕರೆಂಟು ಬಂದಿತ್ತು. ಎಲ್ಲ ದೀಪವೂ ಉರಿಯುತ್ತಿದ್ದ ಮನೆ ಯಾವತ್ತಿಗಿಂತ ಹೆಚ್ಚು ಖಾಲಿಯಾಗಿ ಕಂಡಿತು.

ಅವರು ಹೊರಡುವುದರೊಳಗೆ ಇನ್ನೆರಡು ಮ್ಯಾಚುಗಳಿವೆ. ಎರಡಕ್ಕೂ ಹೇಳದೆ ಕೇಳದೆ ಹೋಗಿ ಆ ಸೋಫಾದ ಮೇಲೆ ಕೂರುವವಳಿದ್ದೇನೆ. ಅದಾದ ಮೇಲಿನ ಶುಕ್ರವಾರಗಳಿಗೆ ಮಾತ್ರ ಈ ಒಬ್ಬಂಟಿ ತಂಡಕ್ಕೆ ಹೊಸಬರ ಆಯ್ಕೆ ನಡೆಯಬೇಕಾಗಿದೆ. ವಯಸ್ಸಿನ ಮಿತಿಯಿಲ್ಲ, ಮಂಡಿ ಹೋಗಿದ್ದರೂ ಅಡ್ಡಿಯಿಲ್ಲ, ಆಟ ಗೊತ್ತಿಲ್ಲದಿದ್ದರೆ ಕಲಿಸುತ್ತೇನೆ.

ಮೊದಲೇ ಫೋನು ಮಾಡಿ, ಬರಲೇ ಅಂತ ಕೇಳುವವರು ಮಾತ್ರ ದಯವಿಟ್ಟು ಬೇಡ.